ದೀಪಾವಳಿಗೆ ಮನೆ ತುಂಬ ಜನ: ಹಿತ್ತಲಲ್ಲಿ ಬೆಂಕಿ, ದಿಢೀರ್ ಅಂತ ಒಂದು ಸುತ್ತಾಟ. ನಿಮ್ಮ ಅನುಭವ ಹೇಳಿ

ಕೇಳಿದವರು, ಕೊಪ್ಪಳ

ನಮಸ್ಕಾರ. ಈ ಸಲ ದೀಪಾವಳಿಗೆ ಬೆಂಗಳೂರಿನಿಂದ ಅಣ್ಣನ ಸಂಸಾರ, ಪುಣೆಯಿಂದ ತಂಗಿಯ ಸಂಸಾರ ನಮ್ಮ ಮನೆಗೆ ಬರುತ್ತಿದ್ದಾರೆ. ಚಿಕ್ಕ ಮಕ್ಕಳಿದ್ದಾರೆ, ಕಾಲೇಜು ಓದುವವರಿದ್ದಾರೆ, ಅಪ್ಪ ಅವ್ವ ಇದ್ದಾರೆ. ಅವ್ವನಿಗೆ ಮೊಣಕಾಲು ನೋವು. ಹಬ್ಬ ಆದ ಮೇಲೂ ಎಲ್ಲರೂ ಕೆಲವು ದಿನ ಇರುತ್ತಾರೆ. ಮನೆ ಹಿಂದೆ ದೊಡ್ಡ ಹಿತ್ತಲಿದೆ. ಸಂಜೆ ಅಲ್ಲಿ ಬೆಂಕಿ ಹಾಕಿಕೊಂಡು ಕೂರಬೇಕು, ಒಂದು ದಿನ ಸುಮ್ನೆ ಕಾರು ಹತ್ತಿ ಎಲ್ಲಿಗಾದರೂ ಹೋಗಿ ಬರಬೇಕು ಅಂತ ನನ್ನ ಆಸೆ. ಹಂಪಿ ಎಲ್ಲರೂ ನೋಡಿದ್ದಾರೆ. ಹೀಗೆ ಮಾಡಿದವರು ಇದ್ದರೆ ಬಿಡಿಸಿ ಹೇಳಿ.

ಗಂಗಾವತಿಯಿಂದ

ಅಕ್ಕಾರೆ, ಮೊದಲು ಬೆಂಕಿಯ ಮಾತು ಹೇಳ್ತೀನಿ. ಅದು ನಮ್ಮ ಮನೆಯಲ್ಲಿ ಪ್ರತಿ ಕಾರ್ತೀಕಕ್ಕೂ ನಡೆಯುವ ಕೆಲಸ.

ಜಾಗ ಸರಿಯಾಗಿ ಆರಿಸಿ. ಹಿತ್ತಲಲ್ಲಿ ಫರಸಿ ಹಾಸಿದ್ದರೆ ಅದರ ಮೇಲೆ ಬೆಂಕಿ ಹಾಕಲೇಬೇಡಿ. ಕಾವಿಗೆ ಕಲ್ಲು ಸಿಡಿಯುತ್ತದೆ. ನಮ್ಮ ಓಣಿಯ ಒಂದು ಮನೆಯಲ್ಲಿ ಹಾಗೆ ಸಿಡಿದ ಚೂರು ಹುಡುಗನ ಕಾಲಿಗೆ ಬಡಿದಿತ್ತು. ಬರೀ ಮಣ್ಣಿನ ನೆಲ ಒಳ್ಳೆಯದು. ಅದು ಇಲ್ಲದಿದ್ದರೆ ಗಾರೆ ಕೆಲಸದವರ ಹಳೆಯ ಕಬ್ಬಿಣದ ಬಾಂಡ್ಲಿಯನ್ನು ಇಟ್ಟಿಗೆ ಮೇಲೆ ಕೂರಿಸಿ, ತಳಕ್ಕೆ ಮರಳು ಹಾಕಿ. ಮೇಲೆ ಕರೆಂಟಿನ ವಯರು, ತೆಂಗಿನ ಗರಿ ಇರಬಾರದು. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬುಟ್ಟಿ ಮರಳು ಇರಲಿ. ಪಟಾಕಿ ಡಬ್ಬಿ ಮಾತ್ರ ಮನೆಯೊಳಗೆ, ಕಪಾಟಿನಲ್ಲಿ. ಮಕ್ಕಳಿಗೆ ಹಬ್ಬದ ನೈಲಾನ್ ಬಟ್ಟೆ ಬಿಚ್ಚಿಸಿ ಹತ್ತಿ ಬಟ್ಟೆ ಹಾಕಿ ಕೂರಿಸಿ.

ಕಟ್ಟಿಗೆಗೆ ಹುಡುಕಾಟವೇ ಬೇಡ. ಹೊತ್ತಿಸೋಕೆ ಹತ್ತಿ ಕಟ್ಟಿಗೆ ಚಲೋ. ಭರ್ ಅಂತ ಹತ್ತಿಕೊಳ್ಳುತ್ತದೆ, ಆದರೆ ಅಷ್ಟೇ ಬೇಗ ಬೂದಿಯಾಗುತ್ತದೆ. ಕೆಂಡ ನಿಲ್ಲಬೇಕು ಅಂದ್ರೆ ಬಳ್ಳಾರಿ ಜಾಲಿಯೇ ಆಗಬೇಕು. ಒಣಗಿದ್ದು ತನ್ನಿ, ಮುಳ್ಳು ಮೊದಲೇ ಸವರಿಸಿ. ಕಣಗಿಲೆ ಟೊಂಗೆ ಮಾತ್ರ ಹಾಕಬೇಡಿ. ಹಿತ್ತಲಲ್ಲಿ ಕಡಿದು ಬಿದ್ದಿದ್ದರೂ ಬೇಡ. ಅದರ ಹೊಗೆ ವಿಷ. ಪ್ಲಾಸ್ಟಿಕ್ ಸುಡುವುದಂತೂ ದೂರದ ಮಾತು.

ಇನ್ನು ಮುಖ್ಯ ವಿಷಯ. ಬೆಂಕಿ ಸುತ್ತ ಸುಮ್ನೆ ಕೂರಿಸಿದರೆ ಮಕ್ಕಳು ಹತ್ತು ನಿಮಿಷಕ್ಕೆ ಫೋನ್ ತೆಗೀತಾರೆ. ಕೈಗೆ ಕೆಲಸ ಕೊಡಿ. ಈ ಹೊತ್ತಿಗೆ ಸಂತೆಯಲ್ಲಿ ಹಸಿ ಶೇಂಗಾ ಇನ್ನೂ ಸಿಗುತ್ತದೆ. ತೊಳೆದು ಮಣ್ಣು ತೆಗೆದು ನೀರು ಬಸಿಯೋಕೆ ಬಿಡಿ. ಉರಿ ಇಳಿದ ಮೇಲೆ ಬಿಸಿ ಬೂದಿಯನ್ನು ಒಂದು ಕಡೆ ಎಳೆದು, ಅದರಲ್ಲಿ ಕಾಯಿ ಮುಚ್ಚಿ, ಕೋಲಿನಿಂದ ಆಗಾಗ ಹೊರಳಿಸಬೇಕು. ಮೊದಲು ಬರೀ ಹಬೆ ಬರುತ್ತದೆ. ಆಮೇಲೆ ಒಂದೊಂದೇ ಚಟ್ ಚಟ್ ಅನ್ನೋಕೆ ಶುರು. ಒಂದು ತೆಗೆದು ಒಡೆದು ನೋಡಿ. ಕಾಳಿನ ಸಿಪ್ಪೆ ತಿಳಿ ಗುಲಾಬಿಯಿಂದ ಕಡುಗೆಂಪಿಗೆ ತಿರುಗಿ, ಒಳಗೆ ಇನ್ನೂ ಮೆತ್ತಗೆ ಹಾಲುಹಾಲಾಗಿ ಇದ್ದರೆ ಅದೇ ಹದ. ಆಗ ಹೊರಗೆ ಎಳೆದು ಗೋಣಿಚೀಲದ ಮೇಲೆ ಹರವಿ, ಬೆಲ್ಲದ ಜೊತೆ ಕೊಡಿ. ಕೈ ಬಾಯಿ ಎಲ್ಲ ಕಪ್ಪು ಆಗುತ್ತದೆ. ಆ ಕೈಯಲ್ಲಿ ಯಾರೂ ಫೋನ್ ಮುಟ್ಟೋದಿಲ್ಲ.

ದೊಡ್ಡವರಿಗೆ ಸುಟ್ಟ ಬದನೆಕಾಯಿ. ಕಾಯಿಗೆ ಎಣ್ಣೆ ಸವರಿ, ಸೀಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ತುರುಕಿ ಕೆಂಡದ ಮೇಲಿಡಿ. ತೊಟ್ಟಿನ ಹತ್ತಿರ ಒತ್ತಿದರೆ ಮೆತ್ತಗಾಗಿರಬೇಕು. ತೆಗೆದು ಸ್ವಲ್ಪ ಹೊತ್ತು ಮುಚ್ಚಿಟ್ಟರೆ ಸಿಪ್ಪೆ ತಾನೇ ಬಿಡುತ್ತದೆ. ಉಳ್ಳಾಗಡ್ಡಿ, ಕೊತ್ತಂಬರಿ, ಶೇಂಗಾ ಪುಡಿ, ಉಪ್ಪು ಹಾಕಿ ಕಿವುಚಿ ಬಿಸಿ ರೊಟ್ಟಿಗೆ ಹಾಕಿಕೊಳ್ಳಿ. ರೊಟ್ಟಿ ಬಡಿಯುವ ಕೆಲಸ ಒಬ್ಬರ ಮೇಲೆ ಬೀಳಬಾರದು ನೋಡಿ. ಅವತ್ತು ಖಡಕ್ ರೊಟ್ಟಿ ತಂದಿಟ್ಟುಬಿಡಿ. ಮನೆಯ ಹೆಣ್ಣುಮಕ್ಕಳೂ ಬೆಂಕಿ ಮುಂದೆ ಕೂರಬೇಕು, ಅಲ್ವಾ?

ಅಮಾವಾಸ್ಯೆ ಆದ ಹೊಸದರಲ್ಲಿ ಬೆಳದಿಂಗಳು ಇರುವುದಿಲ್ಲ. ಹಿತ್ತಲ ದೀಪ ಆರಿಸಿ ಮೂಡಣ ದಿಕ್ಕಿಗೆ ನೋಡಿದರೆ ಊಟದ ಹೊತ್ತಿಗೆ ಕೃತ್ತಿಕೆ ಗುಂಪು ಮೇಲೆ ಬಂದಿರುತ್ತದೆ. ಕಾರ್ತೀಕಕ್ಕೆ ಆ ಹೆಸರು ಬಂದಿದ್ದೇ ಅದರಿಂದ. ನಿಮ್ಮ ಅಪ್ಪ ತೋರಿಸಲಿ, ಮೊಮ್ಮಕ್ಕಳು ಎಣಿಸಲಿ.

ಬಳ್ಳಾರಿಯಿಂದ

ಬೆಂಕಿ ವಿಷಯ ಅಕ್ಕಾವ್ರು ಪೂರ್ತಿ ಹೇಳಿದ್ದಾರೆ. ಒಂದೇ ಮಾತು ಸೇರಿಸ್ತೀನಿ. ಈ ತಿಂಗಳುಗಳಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ. ದಮ್ಮು ಇರುವವರನ್ನು, ವಯಸ್ಸಾದವರನ್ನು ಬೆಂಕಿಯ ಪೂರ್ವ ಬದಿಗೆ ಕೂರಿಸಿ. ಹೊಗೆ ಅವರ ಕಡೆ ಬರೋದಿಲ್ಲ. ಆರಿಸುವಾಗ ಮೇಲೆ ಮಣ್ಣೆಳೆದು ಬಿಟ್ಟರೆ ಸಾಲದು. ಅಡಿಯಲ್ಲಿ ಕೆಂಡ ಬೆಳಗಿನ ತನಕ ಇರುತ್ತದೆ. ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿ.

ಸುತ್ತಾಟಕ್ಕೆ ನಮ್ಮ ಕಡೆ ಬನ್ನಿ ಅಂತೀನಿ. ಮಳೆ ಮುಗಿದ ಮೇಲೆ ಸಂಡೂರು ಗುಡ್ಡ ನೋಡಬೇಕು. ಬೇಸಿಗೆಯಲ್ಲಿ ಬಳ್ಳಾರಿ ನೋಡಿದವರು ಇದು ಅದೇ ಸೀಮೆ ಅಂದ್ರೆ ನಂಬೋದಿಲ್ಲ. ಕೆಂಪು ಮಣ್ಣು, ಅದರ ಮೇಲೆ ದಟ್ಟ ಹಸಿರು. ನಾರಿಹಳ್ಳದ ಕೆರೆ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂತರೆ ಏಳೋಕೆ ಮನಸ್ಸೇ ಬರೋದಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ, ಅಂದ್ರೆ ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತು ಇದೆ. ತಂಗಿಯವರಿಗೆ ಅದರಲ್ಲಿ ಆಸಕ್ತಿ ಇದ್ದರೆ ಕೆಲಸ ಮಾಡುವ ಹೆಣ್ಣುಮಕ್ಕಳ ಹತ್ತಿರವೇ ಕೊಳ್ಳಬಹುದು.

ಅಲ್ಲಿಂದ ಮಧ್ಯಾಹ್ನ ದರೋಜಿ ಕರಡಿಧಾಮಕ್ಕೆ ಹೋಗಿ. 1994ರಲ್ಲಿ ಆಗಿದ್ದು. ಕರಡಿಗಳು ಬಿಸಿಲು ಇಳಿಯುವ ಹೊತ್ತಿಗೇ ಬಂಡೆ ಮೇಲೆ ಬರುವುದು. ಬೆಳಿಗ್ಗೆ ಹೋಗಿ ಪ್ರಯೋಜನವಿಲ್ಲ. ದೂರದ ಕಾವಲು ಗೋಪುರದಿಂದ ನೋಡಬೇಕು. ದುರ್ಬೀನು ಇದ್ದರೆ ತನ್ನಿ, ಮಕ್ಕಳಿಗೆ ಪಿಸುಮಾತಿನ ಅಭ್ಯಾಸ ಮಾಡಿಸಿ ಕರೆತನ್ನಿ. ತಾಯಿ ಕರಡಿ ಮರಿಯನ್ನು ಬೆನ್ನ ಮೇಲೆ ಹೊತ್ತು ಇಳಿಯುವುದನ್ನು ನಾನು ನೋಡಿದ್ದೇನೆ. ನಮ್ಮ ಜೊತೆ ಬಂದಿದ್ದ ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು.

ಸಂಡೂರು, ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿ ಜಾಸ್ತಿ. ಕತ್ತಲಾದ ಮೇಲೆ ಅಲ್ಲಿ ಓಡಿಸಬೇಡಿ. ಹೊಸಪೇಟೆ ಸೇರಿಕೊಂಡು ಹೈವೇ ಹಿಡಿದರೆ ಕೊಪ್ಪಳ ದೂರವಲ್ಲ.

ರಾಯಚೂರಿನಿಂದ

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ಒಂದೇ ದಿನಕ್ಕೆ ಸಂಡೂರು, ದರೋಜಿ ಎರಡೂ ಅಂದ್ರೆ ಮಕ್ಕಳಿಗೂ ಅವ್ವನಿಗೂ ದಣಿವು. ದಿಢೀರ್ ಅಂತ ಹೊರಡುವುದರ ಸುಖವೇ ಅವಸರ ಇಲ್ಲದಿರುವುದು. ಒಂದು ದಿಕ್ಕು ಆರಿಸಿಕೊಂಡು ಹೊರಡಿ. ದಾರಿಯಲ್ಲಿ ಸೀತಾಫಲ ಮಾರುವವರು ಕಂಡರೆ ನಿಲ್ಲಿ. ಎಲ್ಲೋ ಒಗ್ಗರಣೆ ಮಿರ್ಚಿ ವಾಸನೆ ಬಂದರೆ ಇಳಿಯಿರಿ.

ನಮ್ಮ ಕಡೆಗೆ ಬರುವುದಾದರೆ ಸಿಂಧನೂರು ಮೇಲೆ ಮಸ್ಕಿಗೆ ಬನ್ನಿ. ಕಾಲೇಜು ಮಕ್ಕಳಿದ್ದಾರೆ ಅಂದಿರಿ. ಅವರು ಶಾಲೆಯಲ್ಲಿ ಅಶೋಕನ ಬಗ್ಗೆ ಓದಿರುತ್ತಾರೆ. ಅದಕ್ಕೂ ಮೊದಲು ಸಿಕ್ಕಿದ್ದ ಶಾಸನಗಳಲ್ಲಿ ಬರೀ ದೇವಾನಾಂಪಿಯ, ಪಿಯದಸಿ ಅಂತ ಇತ್ತು. ಆ ರಾಜ ಅಶೋಕನೇ ಅಂತ ಖಚಿತವಾಗಿದ್ದು 1915ರಲ್ಲಿ ಸಿಕ್ಕ ಮಸ್ಕಿ ಶಾಸನದಿಂದ. ಕಂಡುಹಿಡಿದವರು ಬೀಡನ್ ಎಂಬ ಗಣಿ ಇಂಜಿನಿಯರ್, ಈ ಸೀಮೆಗೆ ಚಿನ್ನ ಹುಡುಕಿಕೊಂಡು ಬಂದವರು. ಊರ ಗುಡ್ಡದ ಬಂಡೆಯ ಮರೆಯಲ್ಲಿ ಇದೆ. ಓದಲು ಬರದಿದ್ದರೂ ಆ ಅಕ್ಷರಗಳ ಮುಂದೆ ನಿಂತರೆ ಮೈ ಜುಂ ಅನ್ನುತ್ತದೆ.

ಇನ್ನೂ ಮುಂದೆ ಹೋಗುವ ಹುರುಪಿದ್ದರೆ ಲಿಂಗಸುಗೂರು ಕಡೆಯಿಂದ ಜಲದುರ್ಗ. ಕೃಷ್ಣೆ ಸೀಳಿ ಹರಿಯುವ ನಡುಗಡ್ಡೆಯ ಮೇಲೆ ಕೋಟೆ. ಗೋಡೆ ಅಂಚಿನಿಂದ ಕೆಳಗೆ ನೋಡಿದರೆ ನೀರು ಬಂಡೆಗೆ ಬಡಿಯುವುದು ಕಾಣುತ್ತದೆ. ತಡೆಗೋಡೆ ಎಲ್ಲ ಕಡೆ ಗಟ್ಟಿಯಾಗಿಲ್ಲ, ಚಿಕ್ಕವರ ಕೈ ಬಿಡಬೇಡಿ. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟಾಗ ಆ ಕಡೆಯ ತಗ್ಗಿನ ಸೇತುವೆಗಳು ಮುಳುಗುತ್ತವೆ. ಹೊರಡುವ ಮುಂಚೆ ಲಿಂಗಸುಗೂರಿನಲ್ಲಿ ಯಾರನ್ನಾದರೂ ವಿಚಾರಿಸಿ.

ಸಿಂಧನೂರಿನಿಂದ

ರಸ್ತೆಯದ್ದೇ ಎರಡು ಮಾತು. ಸ್ವಾತಿ ಮಳೆ ದೀಪಾವಳಿ ಆಸುಪಾಸಿನಲ್ಲೇ ಬರುತ್ತದೆ. ಒಂದು ಅಡ್ಡ ಮಳೆ ಬಿದ್ದರೂ ಎರೆ ಹೊಲದ ದಾರಿಗೆ ಕಾರು ಇಳಿಸಬೇಡಿ. ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಗಾಲಿ ತಿರುಗೋದೇ ನಿಂತುಬಿಡುತ್ತದೆ. ಆಮೇಲೆ ಟ್ರ್ಯಾಕ್ಟರ್ ಕರೆಸಿಯೇ ಎಳೆಸಬೇಕು. ಎರಡನೆಯದು, ಭತ್ತದ ಕೊಯ್ಲು ಶುರುವಾದರೆ ರಸ್ತೆ ಮೇಲೆಯೇ ಭತ್ತ ಹರವಿರುತ್ತಾರೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಟ್ರಾಲಿಗಳಿಗೆ ಹಿಂದೆ ಲೈಟೇ ಇರೋದಿಲ್ಲ. ಹೊತ್ತು ಮುಳುಗುವುದರೊಳಗೆ ಹೆದ್ದಾರಿ ಸೇರಿ.

ಕೇಳಿದವರು, ಕೊಪ್ಪಳ

ಎಲ್ಲರಿಗೂ ಶರಣು. ಶೇಂಗಾ ಸುಡುವುದು ಓದಿ ಅವ್ವ ಈಗಲೇ ಗೋಣಿಚೀಲ ಹುಡುಕುತ್ತಿದ್ದಾಳೆ. ಜಲದುರ್ಗ ನನಗೂ ಆಸೆ ಆಯ್ತು, ಆದರೆ ಅವ್ವನಿಗೆ ಅಷ್ಟು ದೂರ ಕೂರೋಕೆ ಆಗಲ್ಲ. ಅವಳನ್ನು ಬಿಟ್ಟು ಹೋಗೋಕೆ ನನಗೆ ಮನಸ್ಸಿಲ್ಲ. ಹತ್ತಿರದ್ದು, ಹತ್ತೋದು ಇಲ್ಲದ್ದು ಯಾವುದಾದರೂ?

ಕುಕನೂರಿನಿಂದ

ಅಕ್ಕಾರೆ, ನಿಮ್ಮ ಜಿಲ್ಲೆಯನ್ನೇ ಬಿಟ್ಟು ಎಲ್ಲಿಗೆ ಹೊರಟಿರಿ? ಗದಗ ರಸ್ತೆ ಹಿಡಿದು ಭಾನಾಪುರದ ಹತ್ತಿರ ನಮ್ಮೂರ ಕಡೆ ತಿರುಗಿ. ಮೊದಲು ಇಟಗಿಗೆ ಹೋಗಿ. ಮಹಾದೇವ ದೇವಾಲಯ 1112ರಲ್ಲಿ ಆದದ್ದು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಅಲ್ಲಿನ ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಗುಡ್ಡ ಹತ್ತುವಂತಿಲ್ಲ, ಸಪಾಟು ನೆಲ. ಅವ್ವ ಹೊರಗಿನ ಹುಲ್ಲಿನ ಮೇಲೆ ಕೂತು ನೋಡಿದರೂ ಆಯ್ತು. ಕಂಬಗಳ ಮೇಲೆ ಮಕ್ಕಳು ಕೈಯಾಡಿಸಿ ನೋಡಲಿ. ತಿಗರಿಗೆ ಕೂರಿಸಿ ತಿರುವಿದ ಹಾಗೆ ನುಣುಪು. ಗೋಡೆಯ ಕೆತ್ತನೆ ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ಸಪ್ಪೆ ಕಾಣುತ್ತದೆ. ಬೆಳಗಿನ ಓರೆ ಬಿಸಿಲಿಗೆ ಹೋಗಿ, ಒಂದೊಂದು ಗೆರೆಯೂ ಎದ್ದು ಕಾಣುತ್ತದೆ.

ಬರುವಾಗ ನಮ್ಮೂರಿನ ನವಲಿಂಗ ಗುಡಿ ನೋಡಿ. ಹೆಸರೇ ಹೇಳುವ ಹಾಗೆ ಒಂಬತ್ತು ಲಿಂಗ, ಒಂಬತ್ತು ಗರ್ಭಗುಡಿ. ರಾಷ್ಟ್ರಕೂಟರ ಕಾಲದ್ದು. ಮಹಾಮಾಯೆಗೆ ಕೈಮುಗಿದು ಊಟಕ್ಕೆ ಕೂರಬಹುದು.

ಊಟ ಮನೆಯಿಂದಲೇ ಕಟ್ಟಿಕೊಂಡು ಬನ್ನಿ. ಹಬ್ಬದ ಶೇಂಗಾ ಹೋಳಿಗೆ ಇದ್ದೇ ಇರುತ್ತದೆ, ಅದು ದಿನಗಟ್ಟಲೆ ಕೆಡೋದಿಲ್ಲ. ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ ಸಾಕು. ಬೆಳಿಗ್ಗೆ ಎದ್ದು ಹೊಸದಾಗಿ ಮಾಡೋಕೆ ಹೋಗಬೇಡಿ. ಹೊರಡೋದು ಹನ್ನೊಂದಾಗುತ್ತದೆ, ಅರ್ಧ ಮಂದಿಗೆ ಸಿಟ್ಟು ಬಂದಿರುತ್ತದೆ.

ಗಂಗಾವತಿಯಿಂದ

ಇದು ಸರಿಯಾದ ಮಾತು. ಕಾಲೇಜು ಮಕ್ಕಳಿಗೆ ಕಾಲು ಸುಮ್ಮನಿರದಿದ್ದರೆ ಅವರನ್ನಷ್ಟೇ ಬೇರೆ ದಿನ ಹಿರೇಬೆಣಕಲ್ಲಿಗೆ ಕಳಿಸಿ. ಮೋರೇರ ಗುಡ್ಡದ ಮೇಲೆ ಚಪ್ಪಡಿ ಕಲ್ಲಿನ ಮನೆಗಳಿವೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ತಮ್ಮ ಸತ್ತವರಿಗಾಗಿ ಕಟ್ಟಿದ್ದು. ಮೇಲೆ ಒಂದು ನಗಾರಿ ಕಲ್ಲಿದೆ, ಬಡಿದರೆ ನಾದ ಬರುತ್ತದೆ. ಊರಿನವರು ಯಾರನ್ನಾದರೂ ಜೊತೆಗೆ ಕರೆದುಕೊಂಡೇ ಹತ್ತಬೇಕು. ಮೇಲೆ ದಾರಿ ತಪ್ಪುತ್ತದೆ, ನೀರೂ ಸಿಗೋದಿಲ್ಲ.

ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗುವ ವಿಚಾರ ಇದ್ದರೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋಗಿ. ಆ ದಿನಗಳಲ್ಲಿ ಅವ್ವನನ್ನು ಕರೆದುಕೊಂಡು ಆ ಗದ್ದಲದಲ್ಲಿ ನಿಲ್ಲೋಕೆ ಆಗೋದಿಲ್ಲ.

ಕುಕನೂರಿನಿಂದ

ಇನ್ನೊಂದು ಮರೆತೆ. ಕಿನ್ನಾಳ ಕೊಪ್ಪಳಕ್ಕೆ ತೀರಾ ಹತ್ತಿರ. ಚಿತ್ರಗಾರರ ಮನೆಗಳಿಗೇ ಹೋಗಿ ಗೊಂಬೆ ಮಾಡುವುದು ನೋಡಬಹುದು. ಹಗುರ ಕಟ್ಟಿಗೆ ಕೆತ್ತಿ, ಹುಣಸೆ ಬೀಜದ ಅಂಟು, ಕಟ್ಟಿಗೆ ಪುಡಿ ಹಚ್ಚಿ, ಆಮೇಲೆ ಬಣ್ಣ ಬಳಿಯುತ್ತಾರೆ. ಅವ್ವ ಕುರ್ಚಿ ಮೇಲೆ ಕೂತು ಮಾತಾಡಬಹುದು, ಚಿಕ್ಕವರು ಬಣ್ಣ ನೋಡುತ್ತಾ ನಿಲ್ಲುತ್ತಾರೆ. ಅವರದ್ದೂ ಹಬ್ಬ ಇರುತ್ತದೆ, ಅದಕ್ಕೆ ಪಾಡ್ಯದ ದಿನ ಬಿಟ್ಟು ಹೋಗಿ. ಮುಂಚೆ ಒಂದು ಮಾತು ಕೇಳಿಕೊಂಡರೆ ಕೆಲಸ ನಡೆಯುವ ಹೊತ್ತು ಹೇಳ್ತಾರೆ. ಗೊಂಬೆ ಕೊಂಡರೆ ಚೌಕಾಸಿ ಮಾಡಬೇಡಿ, ಒಂದೊಂದಕ್ಕೂ ದಿನಗಟ್ಟಲೆ ಕೆಲಸ ಹಿಡಿದಿರುತ್ತದೆ.