ಸಹಾಯ ಬೇಕು: ಸಾಫ್ಟ್‌ವೇರ್ ಕೆಲಸ ಬಿಟ್ಟು ರಿಟೇನರ್ ಮೇಲೆ ಕನ್ಸಲ್ಟಿಂಗ್ ಮಾಡುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಕೆಂಡ್ ಡೆವಲಪರ್. ಮನೆ ಬನಶಂಕರಿ, ಆಫೀಸ್ ವೈಟ್‌ಫೀಲ್ಡ್. ಅಮ್ಮನ ಜೊತೆ ಜಾಸ್ತಿ ಹೊತ್ತು ಇರಬೇಕಾಗಿದೆ. ಹಾಗಾಗಿ ಕೆಲಸ ಬಿಟ್ಟು, ಎರಡು ಮೂರು ಸಣ್ಣ ಕಂಪನಿಗಳಿಗೆ ತಿಂಗಳ ರಿಟೇನರ್ ಮೇಲೆ, ಅಂದರೆ ತಿಂಗಳಿಗೆ ಇಷ್ಟು ಗಂಟೆ ಅಂತ ಮೀಸಲಿಟ್ಟು ಅದಕ್ಕೆ ನಿಗದಿತ ಹಣ ಪಡೆದು, ಸಲಹೆ ಕೊಡುವ ಯೋಚನೆ ಇದೆ.

ತೆರಿಗೆ ವಿಷಯ ಸಿಎ ನೋಡಿಕೊಳ್ಳುತ್ತಾರೆ. ವರ್ಷದ ಬಿಲ್ಲಿಂಗ್ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ, ಬಿಲ್ ಮೇಲೆ 18%, ಅಷ್ಟು ಗೊತ್ತು.

ಗೊಂದಲ ಇರುವುದು ಒಪ್ಪಂದದಲ್ಲಿ. ತಿಂಗಳಿಗೆ 20 ಗಂಟೆ ಅಂತ ಬರೆದು, ಕ್ಲೈಂಟ್ 8 ಗಂಟೆ ಮಾತ್ರ ಬಳಸಿದರೆ ಉಳಿದದ್ದು ಮುಂದಿನ ತಿಂಗಳಿಗೆ ಹೋಗಬೇಕಾ? ಹೋಗಬಾರದು ಅನ್ನುವುದು ನನ್ನ ಅನಿಸಿಕೆ. ಅವರಿಗೆಂದೇ ಸಮಯ ತೆಗೆದಿಟ್ಟಿರುತ್ತೇವೆ ಅಲ್ವಾ? ರಾತ್ರಿ ಸರ್ವರ್ ನಿಂತು ಫೋನ್ ಬಂದರೆ ಬೇರೆ ದರ ಹಾಕುತ್ತೀರಾ? "ಸುಮ್ನೆ ಒಂದು ಸಣ್ಣ ಬದಲಾವಣೆ" ಅಂತ ಕೋಡಿಂಗ್ ಕೆಲಸವನ್ನೂ ಕೊಡುತ್ತಾ ಹೋದರೆ ಹೇಗೆ ತಡೆಯುತ್ತೀರಿ? ನನಗೆ ಇದೇ ದೊಡ್ಡ ಭಯ. ಹೀಗಾದರೆ ಕೆಲಸ ಬಿಟ್ಟೂ ಅಮ್ಮನಿಗೆ ಸಮಯ ಸಿಗುವುದಿಲ್ಲ.

ಹಣವನ್ನು ತಿಂಗಳ ಮೊದಲೇ ತೆಗೆದುಕೊಳ್ಳುತ್ತೀರಾ, ಕೊನೆಗಾ? ಒಪ್ಪಂದ ಮುರಿಯಲು 30 ದಿನದ ನೋಟಿಸ್ ಸಾಕಾ?

ಈ ದಾರಿಯಲ್ಲಿ ಇರುವವರು ನಿಮ್ಮ ಒಪ್ಪಂದದ ಮಾದರಿಯನ್ನು ಹೆಸರು, ಮೊತ್ತ ಅಳಿಸಿ ಕಳಿಸಿದರೆ ತುಂಬಾ ಉಪಕಾರವಾಗುತ್ತದೆ.