ಡ್ಯಾಫ್ನಿ ಓರಮ್: ಬಿಬಿಸಿ ಬಿಟ್ಟ ಮೇಲಿನ ಕೆಲಸ ಮತ್ತು ಉಳಿದುಬಂದ ಕಾಗದಪತ್ರಗಳು

ನಾದಾಸಕ್ತೆ:
ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಸಂಗೀತದ ಬಗ್ಗೆ ಓದುವಾಗಲೆಲ್ಲ ಡ್ಯಾಫ್ನಿ ಓರಮ್ (1925–2003) ಅವರ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ: 1958ರಲ್ಲಿ ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪ್ ಎಂಬ ಧ್ವನಿಪ್ರಯೋಗದ ಸ್ಟುಡಿಯೊವನ್ನು ಕಟ್ಟಿದವರಲ್ಲಿ ಒಬ್ಬರು, ಮರುವರ್ಷವೇ ರಾಜೀನಾಮೆ ಕೊಟ್ಟವರು. ಅಷ್ಟು ಪಟ್ಟುಹಿಡಿದು ಪಡೆದ ಸ್ಟುಡಿಯೊವನ್ನು ಅವರು ಬಿಟ್ಟು ಬಂದದ್ದೇಕೆ? ಆಮೇಲಿನ ದಶಕಗಳ ಕೆಲಸವನ್ನು ಅರಿಯಲು ಅವರ ಪತ್ರಗಳು, ಟಿಪ್ಪಣಿಗಳು ಎಲ್ಲಾದರೂ ಉಳಿದಿವೆಯೇ?

ಹಳೆಯ ರೇಡಿಯೊ:
ಅದನ್ನು ಅವಸರದ ರಾಜೀನಾಮೆಯೆಂದು ತಿಳಿಯಬಾರದು. ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ದೊರೆತಿದ್ದ ಪ್ರವೇಶವನ್ನು ಬಿಟ್ಟು ಅವರು ಬಿಬಿಸಿಗೆ ಸೇರಿದ್ದು ಮಹಾಯುದ್ಧದ ನಡುವೆ, ಹದಿಹರೆಯದಲ್ಲಿ. ನೇರ ಪ್ರಸಾರದ ಸಂಗೀತ ಕಛೇರಿಗೆ ವೈಮಾನಿಕ ದಾಳಿಯಿಂದ ಅಡ್ಡಿಯಾದರೆ ಕೇಳುಗರಿಗೆ ತಿಳಿಯದಂತೆ ಅದೇ ಕೃತಿಯ ಧ್ವನಿಮುದ್ರಿತ ತಟ್ಟೆಗೆ ಬದಲಾಯಿಸಲು, ವಾದ್ಯವೃಂದದ ಜೊತೆಜೊತೆಗೇ ತಟ್ಟೆಯನ್ನು ಓಡಿಸುತ್ತ ಕಾದು ಕೂರುವುದು ಅವರ ಕೆಲಸಗಳಲ್ಲೊಂದಾಗಿತ್ತು. 1957ರಲ್ಲಿ ‘ಆಂಫಿಟ್ರಿಯಾನ್ 38’ ನಾಟಕಕ್ಕೆ ಅವರು ರಚಿಸಿದ್ದು, ಬಿಬಿಸಿಯಲ್ಲಿ ಪೂರ್ತಿಯಾಗಿ ಎಲೆಕ್ಟ್ರಾನಿಕ್ ಧ್ವನಿಗಳಿಂದಲೇ ಸಿದ್ಧವಾದ ಮೊದಲ ಸಂಗೀತ. ಮರುವರ್ಷ ವರ್ಕ್‌ಶಾಪ್ ಆರಂಭವಾಯಿತಾದರೂ ಸಂಸ್ಥೆಗೆ ಅಲ್ಲಿಂದ ಬೇಕಾಗಿದ್ದದ್ದು ನಾಟಕಗಳಿಗೆ ಒದಗುವ ಧ್ವನಿಗಳು. ಓರಮ್ ಅವರಿಗೆ ಬೇಕಾಗಿದ್ದದ್ದು ಸಂಗೀತ. ಅದೇ ವರ್ಷ ಬ್ರಸೆಲ್ಸ್‌ನ ವಿಶ್ವಮೇಳದಲ್ಲಿ ಯೂರೋಪಿನ ಇತರ ಸಂಯೋಜಕರು ಮಾಡುತ್ತಿದ್ದುದನ್ನು ಕಣ್ಣಾರೆ ಕಂಡು, ಕಿವಿಯಾರೆ ಕೇಳಿ ಬಂದವರಿಗೆ ಈ ಅಂತರ ಸಹಿಸಲಾಗಲಿಲ್ಲವೆಂಬುದು ನನಗೆ ಸಹಜವಾಗಿಯೇ ಕಾಣುತ್ತದೆ.

ತಂತಿ ಮತ್ತು ದೀಪ:
ಅವರು ಅಲ್ಲಿಂದ ಹೋದದ್ದು ಕೆಂಟ್ ಪ್ರಾಂತದ ಫೇರ್‌ಸೀಟ್ ಎಂಬ ಹಳ್ಳಿಗೆ. ‘ಟವರ್ ಫಾಲಿ’ ಎಂಬ ಮನೆಯಲ್ಲಿ ಸ್ವಂತ ಸ್ಟುಡಿಯೊ ಕಟ್ಟಿ, ಜಾಹೀರಾತು, ಚಲನಚಿತ್ರ, ರಂಗಭೂಮಿಗಳಿಗೆ ಧ್ವನಿ ಸಿದ್ಧಪಡಿಸಿ ಜೀವನ ಸಾಗಿಸುತ್ತ, 1962ರಲ್ಲಿ ಗುಲ್ಬೆಂಕಿಯನ್ ಪ್ರತಿಷ್ಠಾನದಿಂದ ದೊರೆತ ಅನುದಾನದ ಬಲದಿಂದ ‘ಓರಾಮಿಕ್ಸ್’ ಯಂತ್ರವನ್ನು ಬೆಳೆಸಿದರು. ಬರೆದ ಗೆರೆಗಳನ್ನು ನಾದವಾಗಿಸುವ ಈ ಯಂತ್ರದಲ್ಲಿ 35 ಮಿ.ಮೀ. ಅಗಲದ ಹತ್ತು ಪಾರದರ್ಶಕ ಫಿಲ್ಮ್ ಪಟ್ಟಿಗಳು ಒಟ್ಟಿಗೆ ಸರಿಯುತ್ತವೆ. ಅವುಗಳ ಮೇಲೆ ಸಂಯೋಜಕಿ ಬರೆದ ಗೆರೆ, ಚುಕ್ಕೆಗಳು ಬೆಳಕನ್ನು ತಡೆಯುವ ಪ್ರಮಾಣವನ್ನು ದ್ಯುತಿಕೋಶಗಳು (ಬೆಳಕನ್ನು ಗ್ರಹಿಸಿ ವಿದ್ಯುತ್ ಸಂಕೇತವಾಗಿಸುವ ಸಾಧನಗಳು) ಗ್ರಹಿಸಿ, ಶ್ರುತಿ, ಗಟ್ಟಿತನ, ಕಂಪನ ಇವನ್ನು ಬೇರೆಬೇರೆಯಾಗಿ ನಿಯಂತ್ರಿಸುತ್ತವೆ. ನಾದಗುಣವನ್ನು ನಿರ್ಧರಿಸುವ ಅಲೆಯ ಆಕಾರವನ್ನು ಗಾಜಿನ ತಟ್ಟೆಯ ಮೇಲೆ ಬರೆಯಬೇಕು. ಗಮಕಗಳನ್ನು ಕೇಳಿ ಬೆಳೆದ ನಮಗೆ, ಸ್ವರದೊಳಗಿನ ಅಲುಗಾಟವನ್ನೂ ಕೈಯಿಂದ ಗೆರೆಯೆಳೆದು ಗೊತ್ತುಪಡಿಸಬಹುದೆಂಬ ಈ ಕಲ್ಪನೆ ಬೇಗ ಮನಮುಟ್ಟುತ್ತದೆ. ತಮ್ಮ ಚಿಂತನೆಯನ್ನು ಅವರು 1972ರ ಪುಸ್ತಕವೊಂದರಲ್ಲಿ ವಿವರಿಸಿದ್ದಾರೆ. ಯಂತ್ರವು ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ದಸ್ತಾವೇಜು:
ಕಾಗದಪತ್ರಗಳ ವಿಷಯಕ್ಕೆ ಬರುತ್ತೇನೆ. 2003ರಲ್ಲಿ ಅವರು ತೀರಿಕೊಂಡ ಬಳಿಕ ಟೇಪುಗಳು, ಪತ್ರಗಳು ಮತ್ತು ಟಿಪ್ಪಣಿಗಳು ಸಂಯೋಜಕ ಹ್ಯೂ ಡೇವೀಸ್ ಅವರ ವಶಕ್ಕೆ ಬಂದವು. 2005ರಲ್ಲಿ ಅವರೂ ತೀರಿಕೊಂಡ ಮೇಲೆ, ಸಂಗ್ರಹವು ಲಂಡನ್ ವಿಶ್ವವಿದ್ಯಾಲಯದ ಗೋಲ್ಡ್‌ಸ್ಮಿತ್ಸ್ ಕಾಲೇಜನ್ನು ಸೇರಿತು. ಮುಗಿದ ಕೃತಿಗಳಷ್ಟನ್ನೇ ನೋಡಿದರೆ ಓರಮ್ ನಾಟಕಗಳಿಗೆ ಧ್ವನಿ ಒದಗಿಸಿದವರಾಗಿ ಮಾತ್ರ ಕಾಣುತ್ತಾರೆ. ಈ ಕಾಗದಗಳನ್ನು ನೋಡಿದರೆ ಆ ಅಭಿಪ್ರಾಯ ನಿಲ್ಲುವುದಿಲ್ಲ. ಇದಕ್ಕೆ ‘ಸ್ಟಿಲ್ ಪಾಯಿಂಟ್’ ಕೃತಿಗಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಎರಡು ವಾದ್ಯವೃಂದಗಳು, ಮೊದಲೇ ಮುದ್ರಿಸಿದ ತಟ್ಟೆಗಳು ಮತ್ತು ಮೈಕ್ರೊಫೋನುಗಳನ್ನು ಒಟ್ಟಿಗೆ ಬಳಸಿ, ವೇದಿಕೆಯಲ್ಲೇ ನಾದವನ್ನು ಮಾರ್ಪಡಿಸುವ ಈ ರಚನೆಯನ್ನು ಅವರು 1940ರ ದಶಕದ ಕೊನೆಯಲ್ಲಿ ಬರೆದಿದ್ದರು. ಬಿಬಿಸಿ ಅದನ್ನು ಒಪ್ಪಿಕೊಳ್ಳಲಿಲ್ಲ. ಉಳಿದಿದ್ದ ಕರಡುಗಳ ಆಧಾರದಿಂದ ಶಿವಾ ಫೆಶಾರಕಿ ಮತ್ತು ಜೇಮ್ಸ್ ಬುಲ್ಲಿ ಅದನ್ನು ಮರುರೂಪಿಸಿ 2016ರಲ್ಲಿ ಮೊದಲ ಬಾರಿಗೆ ನುಡಿಸಿದರು. ಆಮೇಲೆ ಇನ್ನಷ್ಟು ಸಾಮಗ್ರಿ ದೊರೆತದ್ದರಿಂದ ಪರಿಷ್ಕರಿಸಿದ ರೂಪವು 2018ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಪ್ರಸ್ತುತವಾಯಿತು. ಆ ಉತ್ಸವವನ್ನು ನಡೆಸುವುದು ಬಿಬಿಸಿಯೇ.

ನಾದಾಸಕ್ತೆ:
ಎಲ್ಲರಿಗೂ ಕೃತಜ್ಞತೆಗಳು. ನಾನು ಇದುವರೆಗೆ ಕೇಳಿರುವುದು 1960ರ ‘ಫೋರ್ ಆಸ್ಪೆಕ್ಟ್ಸ್’ ಮಾತ್ರ. ಮುಂದೆ ಯಾವುದನ್ನು ಕೇಳಲಿ?

ತಂತಿ ಮತ್ತು ದೀಪ:
1965ರ ‘ಪಲ್ಸ್ ಪರ್ಸೆಫನಿ’, ಆಮೇಲೆ 1972ರ ‘ಬರ್ಡ್ ಆಫ್ ಪ್ಯಾರಲ್ಯಾಕ್ಸ್’. 2007ರಲ್ಲಿ ‘ಓರಾಮಿಕ್ಸ್’ ಎಂಬ ಹೆಸರಿನಲ್ಲೇ ಎರಡು ಸಿಡಿಗಳ ಸಂಕಲನವೊಂದು ಬಂದಿದೆ. ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಂಡು ಕೇಳಿ.