‘ಸೈಕೆಡೆಲಿಕ್’ಗೆ ಕನ್ನಡದಲ್ಲಿ ಏನನ್ನೋಣ? ಸಂಜೆಯೊಳಗೆ ಬೇಕು

ಶಿರಸಿಯಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಸ್ವಲ್ಪ ಅರ್ಜೆಂಟು. ಬರುವ ಭಾನುವಾರ ನಮ್ಮೂರಲ್ಲಿ ಮನೋವೈದ್ಯರೊಬ್ಬರ ಮಾತು ಇಟ್ಟುಕೊಂಡಿದ್ದೇವೆ. ಮಾತ್ರೆಗೆ ಬಗ್ಗದ ಖಿನ್ನತೆಗೆ ಹೊರದೇಶಗಳಲ್ಲಿ ಸೈಕೆಡೆಲಿಕ್ ಮದ್ದು, ಅಂದರೆ ಕಾಣುವುದನ್ನು, ಅನ್ನಿಸುವುದನ್ನು ಕೆಲವು ಗಂಟೆ ಬದಲಿಸುವಂಥದ್ದು, ಕೊಟ್ಟು ನೋಡುತ್ತಿದ್ದಾರಲ್ಲ, ಅದರ ಬಗ್ಗೆ. ಬಿಡಕಿ ಬೈಲಿನಲ್ಲಿ ಕಟ್ಟಲು ಒಂದು ಫ್ಲೆಕ್ಸ್, ಹಂಚಲು ಒಂದು ಪುಟದ ಕರಪತ್ರ ಆಗಬೇಕು. ಸಂಜೆ ಆರರೊಳಗೆ ಮ್ಯಾಟರ್ ಕೊಡಿ ಅಂತ ಪ್ರೆಸ್ಸಿನವರು ಹೇಳಿದ್ದಾರೆ.

‘ಭ್ರಮಾಜನಕ’ ಅಂತ ಅಲ್ಲಲ್ಲಿ ಓದಿದ್ದೇನೆ. ನನಗೆ ಅದು ಹಿಡಿಸಲಿಲ್ಲ. ಮನೆಯಲ್ಲಿ ಯಾರೋ ಒಬ್ಬರು ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುತ್ತಾರೆ. ಈ ಕರಪತ್ರ ಅವರ ಕೈಗೇ ಹೋಗುವುದು. ಓದಿ ಹೆದರಬಾರದು, ಸುಳ್ಳು ಆಸೆಯೂ ಹುಟ್ಟಬಾರದು. ಅಂಥ ಪದ ಇದ್ದರೆ ಹೇಳಿ.

ಕುಮಟಾದಿಂದ:

ತಂಗೀ, ‘ಭ್ರಮಾಜನಕ’ ಬೇಡವೇ ಬೇಡ. ಅದು ಬೇರೊಂದು ಇಂಗ್ಲಿಷ್ ಪದದ ಅನುವಾದ, ನೀವು ಕೇಳಿದ್ದರದ್ದಲ್ಲ. ‘ಸೈಕೆಡೆಲಿಕ್’ ಕಟ್ಟಿದವರು ಹಂಫ್ರಿ ಆಸ್ಮಂಡ್. ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಮನೋವೈದ್ಯ. 1956ರಲ್ಲಿ ಲೇಖಕ ಆಲ್ಡಸ್ ಹಕ್ಸ್‌ಲಿಗೆ ಬರೆದ ಪತ್ರದಲ್ಲಿ ಇದನ್ನು ಮೊದಲು ಬಳಸಿದರು. ಹಕ್ಸ್‌ಲಿ ಸೂಚಿಸಿದ್ದು ‘ಫನೆರೊಥೈಮ್’, ಅದು ನಿಲ್ಲಲಿಲ್ಲ. ಗ್ರೀಕಿನಲ್ಲಿ ‘ಸೈಕೆ’ ಅಂದರೆ ಜೀವ, ಮನಸ್ಸು. ‘ಡೆಲೋಸ್’ ಅಂದರೆ ಕಣ್ಣಿಗೆ ಕಾಣುವಂಥದ್ದು.

ಮನಸ್ಸು, ಕಾಣು. ಇವೆರಡೂ ಸೇರಿದ ಮಾತು ನಮ್ಮಲ್ಲಿ ಮೊದಲಿಂದಲೇ ಇದೆಯಲ್ಲ, ‘ಮನಗಾಣು’! ಹಾಗಾಗಿ ‘ಮನಗಾಣಿಕೆ ಮದ್ದು’. ಇನ್ನೂ ಅಚ್ಚ ಕನ್ನಡ ಬೇಕಾದರೆ ‘ಬಗೆಗಾಣ್ಕೆ’. ಹಳಗನ್ನಡದಲ್ಲಿ ‘ಬಗೆ’ ಅಂದರೆ ಮನಸ್ಸೇ. ಹೊಸ ಪದ ಜನಕ್ಕೆ ಹತ್ತುವುದಿಲ್ಲ ಅಂತ ಯಾರೂ ಹೇಳಬೇಡಿ. ‘ಅರಿವಳಿಕೆ’ ಹತ್ತಲಿಲ್ಲವೇ?

ಕಾರವಾರದಿಂದ:

‘ಬಗೆಗಾಣ್ಕೆ’ ಆಗದು. ಇವತ್ತು ‘ಬಗೆ’ ಅಂದರೆ ತರಹ. ಇಲ್ಲವೇ ಮಣ್ಣು ಬಗೆಯುವುದು, ದ್ರೋಹ ಬಗೆಯುವುದು. ಫ್ಲೆಕ್ಸ್ ಓದುವವನ ಹತ್ತಿರ ಹಳಗನ್ನಡ ನಿಘಂಟು ಇರುವುದಿಲ್ಲ.

ಕೋರ್ಟಿನ ಕಾಗದ ಅನುವಾದ ಮಾಡಿ ಮಾಡಿ ನನಗೆ ಅರ್ಥವಾದದ್ದು ಇಷ್ಟು: ವಸ್ತುವಿನ ಹೆಸರು ಹೇಗಿದೆಯೋ ಹಾಗೇ ಇಡಬೇಕು. ‘ಸೈಕೆಡೆಲಿಕ್’ ಅಂತಲೇ ಬರೆಯಿರಿ.

ಗೋಕರ್ಣದಿಂದ:

ಕಾರವಾರದವರು ಒಮ್ಮೆ ನಮ್ಮ ಪೇಟೆಗೆ ಬಂದು ನೋಡಬೇಕು. ಇಲ್ಲಿ ‘ಸೈಕೆಡೆಲಿಕ್’ ಅಂದರೆ ಅಂಗಡಿಯಲ್ಲಿ ತೂಗುಹಾಕಿದ ಬಣ್ಣಬಣ್ಣದ ಅಂಗಿ, ಅಣಬೆ ಚಿತ್ರದ ಗೋಡೆಬಟ್ಟೆ. ಬೀಚಿನ ಕಡೆ ಅದರ ಅರ್ಥ ಪಾರ್ಟಿ. ಪೊಲೀಸರಿಗೆ ಅದೊಂದು ಕೇಸು. ‘ಸೈಕೆಡೆಲಿಕ್ ಚಿಕಿತ್ಸೆ’ ಅಂತ ಫ್ಲೆಕ್ಸ್ ಕಟ್ಟಿದರೆ ನಮ್ಮ ಹುಡುಗರೇ ಮೊದಲು ಬಂದು ಕೂರುತ್ತಾರೆ, ಬೇರೆ ಕಾರಣಕ್ಕೆ. ಎರವಲು ಪದ ಬರಿಗೈಯಲ್ಲಿ ಬರುವುದಿಲ್ಲ, ಅದರ ಸಹವಾಸವೂ ಜೊತೆಗೆ ಬರುತ್ತದೆ.

ಹೊನ್ನಾವರದಿಂದ:

ಯಾರೂ ನಮ್ಮ ‘ಮಳ್ಳು’ ನೆನೆಯಲಿಲ್ಲ. ಹಳಗನ್ನಡದ ‘ಮರುಳ್’, ಅದೇ ನಮ್ಮ ಕಡೆ ‘ಮಳ್ಳು’. ನಡುವಿನ ಉಕಾರ ಬಿದ್ದಿತು, ರೇಫೆ ಳಕಾರದಲ್ಲಿ ಸೇರಿಹೋಯಿತು. ‘ಜಾತ್ರೆ ಮರುಳೋ ಜನ ಮರುಳೋ’ ಅನ್ನುವಾಗ ಅದು ಕಾಯಿಲೆ ಅಲ್ಲ, ಒಂದು ಸೆಳೆತ. ‘ಮರುಳುಮದ್ದು’ ಅಂದರೆ ಅರ್ಥ ಸರಿಯಾಗಿ ಕೂರುತ್ತದೆ.

ಧಾರವಾಡದಿಂದ (ಊರು ಸಿದ್ದಾಪುರ):

‘ಮರುಳುಮದ್ದು’ ಅಂತ ಬರೆದರೆ ಆ ಸಭೆಗೆ ನಾನು ಬರುವುದಿಲ್ಲ. ವ್ಯುತ್ಪತ್ತಿ ಸರಿ ಇರಬಹುದು, ಪ್ರಶ್ನೆಗೂ ಅದಕ್ಕೂ ಸಂಬಂಧ ಇಲ್ಲ. ‘ನೀನು ಮಳ್ಳ’ ಅನ್ನಿಸಿಕೊಂಡೇ ಬೆಳೆದವರು ನನ್ನ ಮುಂದೆ ಬಂದು ಕೂರುತ್ತಾರೆ. ನಮ್ಮ ಜಿಲ್ಲೆಯಲ್ಲಿ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಅನ್ನುವುದು ಬೈಗುಳ, ಅಲ್ಲಿ ಮಾನಸಿಕ ಆಸ್ಪತ್ರೆ ಇದೆಯಲ್ಲ. ನಾನು ಆ ಊರಿನಲ್ಲೇ ಮನೋವೈದ್ಯ.

‘ಮನಗಾಣಿಕೆ’ ಚೆಂದದ ಪದ, ಮಾಸ್ತರೇ. ಆದರೆ ಚೆಂದವೇ ತೊಂದರೆ. ಇದನ್ನು ತಗೊಂಡರೆ ಸತ್ಯ ತಿಳಿಯುತ್ತದೆ ಅಂತ ಆ ಪದ ಮಾತು ಕೊಡುತ್ತದೆ. ಪ್ರಯೋಗಗಳು ಹಾಗೆ ಹೇಳುತ್ತಿಲ್ಲ. ಸೈಲೋಸೈಬಿನ್ (ಕೆಲವು ಅಣಬೆಗಳಲ್ಲಿರುವ ಸೈಕೆಡೆಲಿಕ್) ಕೊಟ್ಟ ಮೇಲೆ ಕೆಲವರ ಖಿನ್ನತೆ ಇಳಿಯಿತು, ಕೆಲವರದು ಇಳಿಯಲಿಲ್ಲ. ಕೆಲವರಿಗೆ ಆ ಐದಾರು ಗಂಟೆ ಬಹಳ ಭಯದಲ್ಲಿ ಕಳೆಯಿತು. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇದ್ದವರನ್ನು ಸಾಮಾನ್ಯವಾಗಿ ಪ್ರಯೋಗಕ್ಕೆ ಸೇರಿಸಿಕೊಳ್ಳುವುದೇ ಇಲ್ಲ. ‘ಭ್ರಮಾಜನಕ’ ಬೇಡ ಅನ್ನುವುದಕ್ಕೂ ನನ್ನ ಕಾರಣ ಬೇರೆ. ‘ಭ್ರಮೆ’ ಅನ್ನುವುದನ್ನು ನಾವು ರೋಗದ ಲಕ್ಷಣ ಹೇಳಲು ದಿನಾ ಬಳಸುತ್ತೇವೆ. ಲಕ್ಷಣದ ಹೆಸರನ್ನೇ ಔಷಧಿಗೆ ಇಟ್ಟರೆ ಹೇಗೆ?

ಇನ್ನೊಂದು. ಅಲ್ಲಿ ಕೊಡುವುದು ಬರೀ ಮದ್ದಲ್ಲ. ಮೊದಲು ಕೆಲವು ಭೇಟಿ, ಮಾತುಕತೆ. ಮದ್ದು ಕೊಟ್ಟ ದಿನ ತರಬೇತಾದವರು ಪಕ್ಕದಲ್ಲೇ ಕೂತಿರುತ್ತಾರೆ. ಕಣ್ಣಿಗೆ ಪಟ್ಟಿ, ಮೆಲ್ಲಗೆ ಸಂಗೀತ. ಆಮೇಲೆ ಮತ್ತೆ ಮಾತುಕತೆ. ನೀವೆಲ್ಲ ಮದ್ದಿಗೆ ಹೆಸರು ಹುಡುಕುತ್ತಿದ್ದೀರಿ. ಪಕ್ಕದಲ್ಲಿ ಕೂತವರು ಅದರಲ್ಲಿ ಎಲ್ಲಿದ್ದಾರೆ?

ಅಂಕೋಲಾದಿಂದ:

ನಾನು ನರ್ಸ್. ಭಾಷೆಯ ಪಾಂಡಿತ್ಯ ಇಲ್ಲ, ಆದರೂ ಎರಡು ಮಾತು ಹೇಳಬೇಕು.

‘ಮದ್ದು’ ಅಂತ ಎಲ್ಲರೂ ಸಲೀಸಾಗಿ ಬರೆಯುತ್ತಿದ್ದೀರಿ. ಹಳ್ಳಿಗಳಲ್ಲಿ ‘ಮದ್ದು ಹಾಕಿದ್ದಾರೆ’ ಅಂದರೆ ಯಾರೋ ಆಗದವರು ಊಟದಲ್ಲಿ ಬೆರೆಸಿ ಕೊಟ್ಟಿದ್ದಾರೆ ಅಂತ. ಮದ್ದು ತೆಗೆಯುವವರ ಹತ್ತಿರ ಹೋಗಿ, ವಾಂತಿ ಮಾಡಿಸಿ, ದುಡ್ಡು ಕಳಕೊಂಡು ಕಡೆಗೆ ಆಸ್ಪತ್ರೆಗೆ ಬರುತ್ತಾರೆ. ತಲೆಯ ಮೇಲೆ ಪರಿಣಾಮ ಮಾಡುವ ‘ಮದ್ದು’ ಅಂತ ಫ್ಲೆಕ್ಸ್‌ನಲ್ಲಿ ಓದಿದರೆ ಅವರಿಗೆ ಅದೇ ನೆನಪಾಗುವುದು. ‘ಔಷಧಿ’ ಅನ್ನಿ ಸಾಕು. ಇನ್ನು ‘ಸೈಕೆಡೆಲಿಕ್’ನ ಮೊದಲ ಎರಡಕ್ಷರ ನೋಡಿ. ಕಾಲೇಜಿನ ಹುಡುಗರು ಮಾತೆತ್ತಿದರೆ ‘ಸೈಕೋ’ ಅಂತ ಬೈಯುತ್ತಾರೆ. ಸೈಕೋಗಳ ಔಷಧಿ ಅಂತ ಓದಿಕೊಳ್ಳುತ್ತಾರೆ.

ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕ್ಲಿನಿಕ್ ಇರುತ್ತದಲ್ಲ. ಅಲ್ಲಿಗೆ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಿದ್ದರು. ಚೀಟಿಯ ತಲೆಯಲ್ಲಿ ‘ಮಾನಸಿಕ’ ಅಂತ ಮುದ್ರೆ ಇತ್ತು. ಆ ಅಕ್ಷರದ ಮೇಲೆ ಹೆಬ್ಬೆರಳು ಒತ್ತಿಕೊಂಡೇ ಸಾಲಿನಲ್ಲಿ ನಿಂತಿದ್ದರು. ಊರವರೊಬ್ಬರು ಮಾತಾಡಿಸಿದರು. ‘ಬಿಪಿ ತೋರಿಸಲಿಕ್ಕೆ ಬಂದದ್ದು’ ಅಂದರು. ಒಳಗೆ ಬಂದು ಡಾಕ್ಟರ ಮೇಜಿನ ಮೇಲೆ ಚೀಟಿ ಇಡುವಾಗ ಶಾಯಿ ಬೆವರಿಗೆ ಹರಡಿಹೋಗಿತ್ತು. ನೀವು ಯಾವ ಪದ ಕೊಡುತ್ತೀರೋ ಅದನ್ನು ಅಂಥವರು ಕೈಯಲ್ಲಿ ಹಿಡಿದುಕೊಳ್ಳಬೇಕು.

ಕರೆಂಟಿನ ವಿಷಯವನ್ನೂ ಸೇರಿಸುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ, ಅಂದರೆ ತಲೆಗೆ ಸ್ವಲ್ಪ ಕರೆಂಟ್ ಹಾಯಿಸುವ ಚಿಕಿತ್ಸೆ, ಕೊಡುವ ಹಾಗಿಲ್ಲ. ಪೇಷೆಂಟಿಗೆ ಅದರ ಅರಿವೇ ಇರುವುದಿಲ್ಲ. ಆದರೂ ‘ಕರೆಂಟ್ ಕೊಡ್ತಾರಂತೆ’ ಅಂತ ಹೆದರಿ ಓಡುತ್ತಾರೆ. ಚಿಕಿತ್ಸೆ ಬದಲಾಯಿತು, ಜನರ ಬಾಯಲ್ಲಿ ಹೆಸರು ಮಾತ್ರ ಬದಲಾಗಲೇ ಇಲ್ಲ. ಈಗ ಹೊಸದಕ್ಕೆ ಹೆಸರಿಡುವಾಗಲಾದರೂ ಎಚ್ಚರ ಬೇಡವೇ?

ಕುಮಟಾದಿಂದ:

ಅಕ್ಕಾ, ನೀವು ಹೇಳಿದ್ದು ಒಪ್ಪಿದೆ, ‘ಮದ್ದು’ ಒಂದನ್ನು ಬಿಟ್ಟು. ಯಾರೋ ಕೆಟ್ಟದ್ದಕ್ಕೆ ಬಳಸಿದರು ಅಂತ ನಮ್ಮ ಪದವನ್ನು ನಾವೇ ಬಿಟ್ಟುಕೊಡುತ್ತಾ ಹೋದರೆ ಕಡೆಗೆ ಏನು ಉಳಿಯುತ್ತದೆ? ‘ಔಷಧಿ’ ಸಂಸ್ಕೃತ, ‘ಆಸ್ಪತ್ರೆ’ ಪರದೇಶದ್ದು, ‘ಡಾಕ್ಟರ್’ ಇಂಗ್ಲಿಷ್. ಕಾಯಿಲೆ ಬಿದ್ದವನಿಗೆ ಅವನ ಭಾಷೆಯಲ್ಲಿ ಒಂದು ಪದವೂ ಸಿಗಬಾರದೇ? ಮನಸ್ಸಿನ ನೋವನ್ನು ಹೇಳಿಕೊಳ್ಳಲು ಬಂದವನಿಗೆ ಭಾಷೆಯೇ ಔಷಧಿಯ ಅರ್ಧ.

ಯಳ್ಳಾಪುರದಿಂದ:

‘ಮನಗಾಣಿಕೆ ಮದ್ದು’ ಅರಿಸಮಾಸ ಆಗುವುದಿಲ್ಲವೇ, ಸಂಸ್ಕೃತ ಕನ್ನಡ ಎರಡನ್ನೂ ಬೆರೆಸಿದ ದೋಷ?

ಕುಮಟಾದಿಂದ:

ಆಗುವುದಿಲ್ಲ. ‘ಮನ’ ತದ್ಭವ. ಮೇಲಾಗಿ ‘ಮನಗಾಣು’ ಕ್ರಿಯಾಸಮಾಸ, ಅಲ್ಲಿ ದೋಷ ಎಣಿಸುವುದಿಲ್ಲ. ನೋಡಿಕೊಂಡು ಕೇಳಿ.

ಕಾರವಾರದಿಂದ:

ಮಾಸ್ತರೇ, ನೀವು ‘ಪರದೇಶದ್ದು’ ಅಂತ ತಳ್ಳುವ ಪದಗಳು ಇಲ್ಲದೆ ನಮ್ಮ ಕರಾವಳಿಯಲ್ಲಿ ಒಂದು ದಿನ ಸಾಗುವುದಿಲ್ಲ. ಬಾಗಿಲಿಗೆ ಹಾಕುವ ಚಾವಿ ಪೋರ್ಚುಗೀಸ್. ತಿಂಗಳ ಪಗಾರ ಪೋರ್ಚುಗೀಸ್. ಬಟಾಟೆ ಪಲ್ಯದ ಬಟಾಟೆಯೂ ಹಾಗೇ. ನನ್ನ ಮನೆಮಾತು ಕೊಂಕಣಿ, ಅಲ್ಲಿ ಹುಚ್ಚನಿಗೆ ‘ಪಿಸೊ’ ಅನ್ನುತ್ತೇವೆ. ಅಚ್ಚ ಮನೆಮಾತು ಅನ್ನುವ ಕಾರಣಕ್ಕೆ ಅದು ನೋಯಿಸದೆ ಬಿಡುತ್ತದೆಯೇ? ಪದ ಎಲ್ಲಿಂದ ಬಂತು ಅನ್ನುವುದರಿಂದ ಅದರ ನಡತೆ ತೀರ್ಮಾನ ಆಗುವುದಿಲ್ಲ.

ಕಾನೂನನ್ನೇ ನೋಡಿ. 1912ರ ಕಾಯ್ದೆಯ ಹೆಸರಿನಲ್ಲೇ ‘ಲುನಸಿ’ ಇತ್ತು, ಚಂದ್ರನಿಂದ ಹುಚ್ಚು ಹಿಡಿಯುತ್ತದೆ ಅನ್ನುವ ಕಾಲದ ಲ್ಯಾಟಿನ್. 1987ರಲ್ಲಿ ಅದು ಹೋಗಿ ‘ಮಾನಸಿಕ ಆರೋಗ್ಯ’ ಬಂತು. 2017ರಲ್ಲಿ ‘ಆರೈಕೆ’ ಸೇರಿತು. ಆ ‘ಆರೈಕೆ’ ನನಗೆ ಬಹಳ ಇಷ್ಟ. ಮಗುವಿಗೆ, ಬಾಣಂತಿಗೆ, ಗಿಡಕ್ಕೆ ಹೇಳುವ ಮಾತು ಅದು.

ಆದರೆ ಗೋಕರ್ಣದವರೂ ಅಂಕೋಲಾ ಅಕ್ಕನೂ ಹೇಳಿದ್ದು ಕೇಳಿದ ಮೇಲೆ, ಫ್ಲೆಕ್ಸ್‌ನ ದಪ್ಪ ಅಕ್ಷರದಲ್ಲಿ ‘ಸೈಕೆಡೆಲಿಕ್’ ಬೇಡ ಅನ್ನಿಸುತ್ತದೆ. ಒಳಗೆ ಇರಲಿ.

ಶಿರಸಿಯಿಂದ:

ಗಂಟೆ ನಾಲ್ಕಾಯಿತು. ಡಾಕ್ಟರೇ, ಕರಪತ್ರಕ್ಕೆ ಕಾನೂನಿನ ವಿಷಯ ಎರಡು ಸಾಲಿನಲ್ಲಿ ಹೇಳುತ್ತೀರಾ? ಜನ ಮೊದಲು ಕೇಳುವುದೇ ‘ಇಲ್ಲಿ ಸಿಗುತ್ತದಾ’ ಅಂತ.

ಧಾರವಾಡದಿಂದ:

ಸಿಗುವುದಿಲ್ಲ. ಇದು ದಪ್ಪ ಅಕ್ಷರದಲ್ಲೇ ಇರಲಿ. ಎಲ್‌ಎಸ್‌ಡಿ, ಸೈಲೋಸೈಬಿನ್, ಎಂಡಿಎಂಎ ಮೂರೂ ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕವಸ್ತು ಕಾಯ್ದೆಯ, ಪಟ್ಟಿಯಲ್ಲಿವೆ. ಹತ್ತಿರ ಇಟ್ಟುಕೊಳ್ಳುವುದೂ ಅಪರಾಧ. ಆಸ್ಟ್ರೇಲಿಯಾ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರಿಗೆ ಮಾತ್ರ ಬಿಟ್ಟಿದೆ. ಔಷಧಿಗೆ ಬಗ್ಗದ ಖಿನ್ನತೆಗೆ ಸೈಲೋಸೈಬಿನ್, ಆಘಾತದ ನಂತರದ ಮನಸ್ಸಿನ ತೊಂದರೆಗೆ ಎಂಡಿಎಂಎ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಆಗಸ್ಟ್‌ನಲ್ಲಿ ಎಂಡಿಎಂಎ ಅರ್ಜಿಯನ್ನು ಒಪ್ಪಲಿಲ್ಲ, ಇನ್ನೂ ಪುರಾವೆ ಬೇಕು ಅಂದಿತು.

ಕೆಟಮೀನ್ ಬೇರೆ. ಅದು ಆಪರೇಷನ್ ಮಾಡುವಾಗ ಕೊಡುವ ಅರಿವಳಿಕೆ. ಡಾಕ್ಟರ ಕಣ್ಣೆದುರಲ್ಲಿ, ಆಸ್ಪತ್ರೆಯಲ್ಲಿ, ಹಟಮಾರಿ ಖಿನ್ನತೆಗೆ ಕಡಿಮೆ ಪ್ರಮಾಣದಲ್ಲಿ ಬಳಸುವುದುಂಟು. ಅದನ್ನು ಇವುಗಳ ಜೊತೆ ಒಂದೇ ಹೆಸರಿನ ಕೆಳಗೆ ಹಾಕಬೇಡಿ. ನನ್ನ ಮಾತು ಕೇಳುವುದಾದರೆ ಗುಂಪಿಗೆ ಹೆಸರೇ ಬೇಡ. ಒಂದೊಂದನ್ನೂ ಅದರದರ ಹೆಸರಿನಿಂದ ಕರೆಯಿರಿ, ಏನು ಮಾಡುತ್ತದೆ ಅಂತ ಮುಂದೆ ಬರೆಯಿರಿ. ಈಗ ತಗೊಳ್ಳುತ್ತಿರುವ ಮಾತ್ರೆಯನ್ನು ಡಾಕ್ಟರಿಗೆ ಹೇಳದೆ ನಿಲ್ಲಿಸಬೇಡಿ ಅನ್ನುವ ಸಾಲು ಮರೆಯಬೇಡಿ.

ಶಿರಸಿಯಿಂದ:

ಪ್ರೆಸ್ಸಿಗೆ ಕಳಿಸಿದ್ದು ಇದು. ಫ್ಲೆಕ್ಸ್‌ನಲ್ಲಿ: ‘ಮಾತ್ರೆಗೆ ಬಗ್ಗದ ಖಿನ್ನತೆ: ಹೊಸ ಚಿಕಿತ್ಸೆಗಳು ಎಲ್ಲಿಯವರೆಗೆ ಬಂದಿವೆ?’ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416.

ಕರಪತ್ರದಲ್ಲಿ: ‘ಸೈಲೋಸೈಬಿನ್, ಎಂಡಿಎಂಎ. ಕೆಲವು ಗಂಟೆ ಕಾಣುವುದನ್ನು, ಅನ್ನಿಸುವುದನ್ನು ಬಹಳ ಬದಲಿಸುವ ಔಷಧಿಗಳು. ಇಂಗ್ಲಿಷಿನಲ್ಲಿ ಇಂಥವನ್ನು ಸೈಕೆಡೆಲಿಕ್ ಅನ್ನುತ್ತಾರೆ. ಜೊತೆಯಲ್ಲಿ ಕೂತು ನೋಡಿಕೊಳ್ಳುವವರಿಲ್ಲದೆ ಇದು ಚಿಕಿತ್ಸೆ ಅಲ್ಲ. ಭಾರತದಲ್ಲಿ ಸಿಗುವುದಿಲ್ಲ.’ ಮಾತ್ರೆ ನಿಲ್ಲಿಸಬೇಡಿ ಅನ್ನುವುದು ಚೌಕದೊಳಗೆ ಹಾಕಿದೆ. ಮಾಸ್ತರೇ, ‘ಮನಗಾಣಿಕೆ’ ಸೇರಿಸಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರೂ ಭಾನುವಾರ ಬನ್ನಿ.

ಕುಮಟಾದಿಂದ:

ಬರುತ್ತೇನೆ. ಬಸ್ಸಿದೆ. ಕಾರವಾರದವರಿಗೆ ಒಂದು ಮಾತು: ಪಗಾರ ಬರುವ ಮೊದಲು ನಮ್ಮಲ್ಲಿ ‘ಸಂಬಳ’ ಇತ್ತು.

ಕಾರವಾರದಿಂದ:

ಸಂಬಳ ಸಂಸ್ಕೃತದ ‘ಶಂಬಲ’, ದಾರಿಯ ಬುತ್ತಿ ಅಂತ ಅರ್ಥ. ನಿಮ್ಮ ಲೆಕ್ಕದಲ್ಲಿ ಅದೂ ಆಗದು, ‘ಕೂಲಿ’ ಅನ್ನಬೇಕು. ಬೇರೆ ಎಳೆ ತೆರೆಯಿರಿ, ಅಲ್ಲಿ ಬರೆಯುತ್ತೇನೆ.